ಅಂಗರಕ್ಷಕನೂ ಗುಮಾಸ್ತನೂ

ವ್ಯಾಪಾರಕ್ಕಾಗಿ ಪರಸ್ಥಳಕ್ಕೆ ಹೋಗುವಾಗ ಅಂಗರಕ್ಷಕನನ್ನು ಜೊತೆಗೆ ಕರೆದೊಯ್ಯುವ ವಾಡಿಕೆಯು ಈಗ ಮಂತ್ರಿವರ್ಯರಿಗೂ ಚಿತ್ರನಟರಿಗೂ ಮಾತ್ರ ಮೀಸಲಾಗಿ ಉಳಿದಿಲ್ಲ. ಕೊಲೆ ಸುಲಿಗೆಗಳಿಗೆ ಹೆಸರಾದ ಊರೊಂದರಲ್ಲಿ ಹೊಸ ಶಾಖೆಗೆ ಜಾಗ ನೋಡಲು ಹೊರಟ ಹೊಟೇಲು ಮಾಲಿಕರೊಬ್ಬರು, ಒಬ್ಬ ಒಳ್ಳೆಯ ಬಾಡಿಗಾರ್ಡನನ್ನು ಗೊತ್ತುಮಾಡೆಂದು ತಮ್ಮ ಗುಮಾಸ್ತರಿಗೆ ಅಪ್ಪಣೆಯಿತ್ತರಂತೆ. ಅದನ್ನು ಮಾಡುವ ಬಗೆ ಹೇಗೆಂದು ಆ ಗುಮಾಸ್ತ ಬಂಧುಗಳು ನಮ್ಮ ಕಚೇರಿಗೇ ಬಂದು ವಿಚಾರಿಸಿದರು. ಧಣಿಗಳು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಮಾಡಿ ತೋರಿಸಬೇಕಾದವರು ನಮ್ಮ ವಾಚಕರೇ ಆದುದರಿಂದ, ಈ ವಿಷಯವಾಗಿ ಎರಡು ಮಾತು ಬರೆಯುವುದು ಯೋಗ್ಯವೆಂದು ತೋರಿತು.

ಭಯವೇ ಸುಳ್ಳೆಂದು ನಾವು ಹೇಳಲಾರೆವು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಗಲ್ಲೆಯ ಮೇಲೆ ಕುಳಿತ ಕಾಲ, 1990ರ ದಶಕದ ಕೊನೆ. ಮುಂಬಯಿಯ ಹೊಟೇಲು ಮಾಲಿಕರಿಗೆ ಹಫ್ತಾ ಕೇಳುವ ಫೋನುಗಳು ಬರುತ್ತಿದ್ದ ದಿನಗಳವು. ಫೋನು ಬಾರಿಸಿದರೆ ಎತ್ತಲು ಕೈ ಹೋಗುತ್ತಿರಲಿಲ್ಲ. ಮಹಾರಾಷ್ಟ್ರ ಸರಕಾರವು ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆಂದೇ 1999ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಮಾಡಬೇಕಾಯಿತೆಂದರೆ ಆ ಕಾಲದ ಸ್ಥಿತಿಯನ್ನು ಊಹಿಸಬಹುದು.

ಆದರೆ ಭಯಗೊಂಡವನು ಮೋಸಹೋಗುವುದೂ ಸುಲಭ. ಸಫಾರಿ ಸೂಟು, ಕಪ್ಪು ಕನ್ನಡಕ, ಮಾಜಿ ಕಮಾಂಡೋ ಎಂಬ ಬಿರುದು, ಇಷ್ಟನ್ನೇ ನೋಡಿ ಮುಂಗಡ ಕೊಡುವವರಿದ್ದಾರೆ. ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇದೆ. 2005ರ ಖಾಸಗಿ ಭದ್ರತಾ ಏಜನ್ಸಿಗಳ ನಿಯಂತ್ರಣ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ಈ ಉದ್ಯೋಗವನ್ನು ನಡೆಸುವಂತಿಲ್ಲ. ಕಟ್ಟಡ ಕಾಯುವುದಷ್ಟೇ ಅಲ್ಲ, ಮನುಷ್ಯನನ್ನು ಕಾಯುವುದೂ ಇದರಲ್ಲಿ ಸೇರಿದೆ. ಲೈಸೆನ್ಸನ್ನು ಏಜನ್ಸಿಯವರು ತಮ್ಮ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕತಕ್ಕದ್ದು. ಆದುದರಿಂದ ಗುಮಾಸ್ತರು ಫೋನಿನಲ್ಲಿಯೇ ವ್ಯವಹಾರ ಮುಗಿಸದೆ ಒಮ್ಮೆ ಅಲ್ಲಿಗೆ ಹೋಗಿ ಗೋಡೆಯನ್ನು ನೋಡಿ ಬರಲಿ. ಲೈಸೆನ್ಸು ಕೊಡುವುದು ಆಯಾ ರಾಜ್ಯದ ಅಧಿಕಾರಿ. ಮುಂಬಯಿಯ ಕಾಗದವು ಬೇರೆ ರಾಜ್ಯದಲ್ಲಿ ತಾನಾಗಿಯೇ ನಡೆಯುವುದಿಲ್ಲ. ಹೋಗುವ ಊರಿನಲ್ಲಿ ಲೈಸೆನ್ಸುಳ್ಳವರನ್ನೇ ಗೊತ್ತುಮಾಡುವುದು ಮೇಲು. ಅಲ್ಲಿಯವನಿಗಾದರೆ ಗಲ್ಲಿಗಳೂ ಗೊತ್ತು, ಭಾಷೆಯೂ ಗೊತ್ತು.

ಕಾವಲಿಗೆ ಬರುವವನ ಪೂರ್ವಚರಿತ್ರೆಯನ್ನು ತನಿಖೆ ಮಾಡಿರಬೇಕು, ಅವನಲ್ಲಿ ಭಾವಚಿತ್ರವುಳ್ಳ ಗುರುತಿನ ಚೀಟಿ ಇರಬೇಕು. ಮಾದರಿ ನಿಯಮಗಳು ಹೊಸಬನಿಗೆ 100 ಗಂಟೆಗಳ ಪಾಠವನ್ನೂ 60 ಗಂಟೆಗಳ ಹೊರಗಿನ ಅಭ್ಯಾಸವನ್ನೂ ವಿಧಿಸಿವೆ. ತನಿಖೆಯ ಮಾತನ್ನು ಹಗುರವಾಗಿ ಎಣಿಸಲಾಗದು. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಮೇಲೆ ಗುಂಡು ಹಾರಿಸಿದವರು ಅವರ ಮನೆಯಂಗಳದ ಕಾವಲಿನವರೇ.

ಬಂದೂಕಿನ ವಿಷಯದಲ್ಲಿ ಧಣಿಗಳಿಗೆ ವಿಶೇಷ ಮೋಹ. ಏಜನ್ಸಿಯ ಲೈಸೆನ್ಸು ಬಂದೂಕಿನ ಲೈಸೆನ್ಸಲ್ಲ. ಅದು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬೇರೆಯಾಗಿಯೇ ಇರಬೇಕು, ಯಾವ ಪ್ರದೇಶಕ್ಕೆ ಅದು ಸಲ್ಲುತ್ತದೆಂಬುದನ್ನೂ ಓದಿ ನೋಡಬೇಕು. ರಾಜ್ಯದ ಗಡಿ ದಾಟಿದೊಡನೆ ರಕ್ಷಕನೇ ಆರೋಪಿಯಾಗಿ ಠಾಣೆಯಲ್ಲಿ ಕುಳಿತರೆ ಧಣಿಗಳನ್ನು ಕಾಯುವವರಾರು? ನಿಜವಾದ ಬೆದರಿಕೆ ಬಂದಿದ್ದಲ್ಲಿ ಮೊದಲು ತಿಳಿಸಬೇಕಾದುದು ಪೋಲೀಸರಿಗೆ. ಮಿಕ್ಕಂತೆ ಒಳ್ಳೆಯ ಅಂಗರಕ್ಷಕನ ಕೆಲಸದ ಹೆಚ್ಚಿನ ಪಾಲು ಹೊರಡುವ ಮೊದಲೇ ಮುಗಿದಿರುತ್ತದೆ: ಯಾವ ದಾರಿ, ಯಾವ ವಸತಿ, ನಿಲ್ದಾಣಕ್ಕೆ ಬರುವ ಕಾರು ಯಾರದು, ಪ್ರಯಾಣದ ಸುದ್ದಿ ಎಷ್ಟು ಜನಕ್ಕೆ ತಿಳಿದಿದೆ. ಈ ಕೊನೆಯದು ನಮ್ಮ ಹೊಟೇಲುಗಳಲ್ಲಿ ಬಲು ಕಷ್ಟ. ಧಣಿಗಳ ಟಿಕೇಟು ಬರುವ ಮೊದಲೇ ಅಡಿಗೆಮನೆಗೆ ವರ್ತಮಾನ ಮುಟ್ಟಿರುತ್ತದೆ!

ಇನ್ನು ಆ ಗುಮಾಸ್ತ ಬಂಧುಗಳು ಕೇಳದೇ ಬಿಟ್ಟ ಪ್ರಶ್ನೆ. ಧಣಿಗಳೊಡನೆ ಅವರೂ ಹೋಗುವವರಿದ್ದಾರೆ. ಮುಂಗಡದ ಹಣವೂ ಕಾಗದಪತ್ರಗಳೂ ಇರುವ ಚೀಲವು ಅವರ ಕೈಯಲ್ಲಿ. ನಿಮ್ಮ ವಸತಿ ಎಲ್ಲಿ ಎಂದು ನಾವು ಕೇಳಿದಾಗ, 'ಸ್ಟೇಶನ್ ಹತ್ತಿರ ಯಾವುದಾದರೂ ಲಾಡ್ಜು, ನಮಗೆಲ್ಲ ಅಷ್ಟೇ ಸಾಕು ಸ್ವಾಮಿ' ಎಂದರು. ರಾತ್ರಿ ಅಂಗರಕ್ಷಕನು ಧಣಿಗಳ ಕೋಣೆಯ ಬಾಗಿಲಲ್ಲಿ, ಚೀಲವು ಸ್ಟೇಶನ್ನಿನ ಲಾಡ್ಜಿನಲ್ಲಿ. ಕಳ್ಳನಿಗೆ ಬೇಕಾದುದು ಯಾವುದು? ನಾವು ಮಾಲಿಕರಾಗಿದ್ದಾಗ ಬ್ಯಾಂಕಿಗೆ ಹುಡುಗನೊಬ್ಬನನ್ನೇ ಹಣದೊಡನೆ ಅಟ್ಟಿದ್ದುಂಟು. ಒಂದು ದಿನ ಅವನು ತಲೆಯೊಡೆದುಕೊಂಡು ಬಂದನು. ನಾವು ಮೊದಲು ಕೇಳಿದ್ದು ಹಣವೆಲ್ಲಿ ಎಂದು. ಆ ನಾಚಿಕೆ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಹೊಟೇಲು ಮಾಲಿಕ ಮಹನೀಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಗುಮಾಸ್ತನಿಗೂ ಅದೇ ಕಾರು, ಅದೇ ವಸತಿ. ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸಿ ಚೀಲವನ್ನು ಖಾಲಿ ಇಡುವುದು. ಬಾಗಿಲಲ್ಲಿ ನಿಂತ ಅಂಗರಕ್ಷಕನಿಗೂ ಹೊತ್ತಿಗೆ ಸರಿಯಾಗಿ ಊಟ. ಆ ಗುಮಾಸ್ತ ಬಂಧುಗಳು ಇದನ್ನು ಧಣಿಗಳ ಮುಂದೆ ಹೇಳಲು ಅಂಜುವುದಾದರೆ ಈ ಪತ್ರಿಕೆಯನ್ನು ಗಲ್ಲೆಯ ಮೇಲೆ ಮಡಿಸಿಡಲಿ. ಬೆಳಗಿನ ಕಾಫಿಯ ಹೊತ್ತಿಗೆ ಧಣಿಗಳು ಓದುತ್ತಾರೆಂದು ಅವರೇ ನಮಗೆ ತಿಳಿಸಿದ್ದಾರೆ.