ಸ್ಥೂಲ ಅರ್ಥಶಾಸ್ತ್ರಕ್ಕೆ ಕನ್ನಡ ಶಾಲೆ ಅಡ್ಡಿಯೇ?

ಜೂನ್ ತಿಂಗಳು ಬಂತೆಂದರೆ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳ ಮಾಸ್ತರ ಮಂದಿ ನಾವು ಪಟಸಂಖ್ಯೆಗಾಗಿ ಮನೆಮನೆ ತಿರುಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪಾಲಕರ ತಕರಾರುಗಳೂ ಬಹುತೇಕ ಹಳೆಯವೇ. ಆದರೆ ಈಚೆಗೆ ಒಂದು ಹೊಸ ತಕರಾರು ಕಿವಿಗೆ ಬೀಳುತ್ತಿದೆ, ಅದೂ ನಾಲ್ಕಕ್ಷರ ಓದಿದವರ ಬಾಯಿಂದ. "ಕನ್ನಡ ಶಾಲಿ ಹುಡುಗ್ರು ಬಿ.ಎ. ಎರಡನೇ ವರ್ಷಕ್ಕ ಅರ್ಥಶಾಸ್ತ್ರದಾಗ ಸಿಕ್ಕೊಂಡು ಬೀಳ್ತಾರ್ರಿ. ಗುಣಕ ಅಂದ್ರ ತಿಳಿಯಂಗಿಲ್ಲ, ಐಎಸ್-ಎಲ್‌ಎಂ ಅಂದ್ರ ತಿಳಿಯಂಗಿಲ್ಲ. ಅದಕ್ಕ ಒಂದನೇ ಇಯತ್ತಾದಿಂದನ ಮರಾಠಿಗೆ ಹಾಕೋದು ಚಲೋ."

ಬಿ.ಎ. ಎರಡನೇ ವರ್ಷದ ಒಂದು ಪೇಪರಿನ ಸಲುವಾಗಿ ಆರು ವರ್ಷದ ಕೂಸಿನ ಶಾಲೆ ಬಿಡಿಸಬೇಕಂತೆ! ಇರಲಿ. ಆ ಪೇಪರಿನಲ್ಲಿ ಏನಿದೆ ಎಂದಾದರೂ ನೋಡೋಣ.

ಮೊದಲ ವರ್ಷದ ಅರ್ಥಶಾಸ್ತ್ರದಲ್ಲಿ ಒಬ್ಬ ಗಿರಾಕಿ, ಒಂದು ಅಂಗಡಿ, ಒಂದು ಉಳ್ಳಾಗಡ್ಡಿ ಬೆಲೆ. ಎರಡನೇ ವರ್ಷದಲ್ಲಿ ಇಡೀ ದೇಶ. ದೇಶದ ವರಮಾನ, ಬಡ್ಡಿ, ಬೆಲೆ, ಉದ್ಯೋಗ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಒಂದನ್ನು ಮುಟ್ಟಿದರೆ ಉಳಿದವೂ ಸರಿಯುತ್ತವೆ. ಕೇನ್ಸ್ 1936ರಲ್ಲಿ ಬರೆದದ್ದನ್ನು ಹಿಕ್ಸ್ ಎಂಬವರು 1937ರಲ್ಲಿ ಎರಡು ಗೆರೆಗಳಲ್ಲಿ ಹಿಡಿದಿಟ್ಟರು. ಆ ಎರಡು ಗೆರೆಯೇ ಮಕ್ಕಳನ್ನು ಹೆದರಿಸುವ ಐಎಸ್-ಎಲ್‌ಎಂ. ಇದು ಕಠಿಣ ಹೌದು. ಆದರೆ ಈ ಕಾಠಿಣ್ಯ ವಿಷಯದ್ದು. ಮರಾಠಿ ಮಾಧ್ಯಮದ ಹುಡುಗನಿಗೂ ಅಷ್ಟೇ ಕಠಿಣ. ಅವನು 'ಸೀಮಾಂತ ಉಪಭೋಗ ಪ್ರವೃತ್ತಿ' ಎಂದು ಗಡಗಡ ಹೇಳುತ್ತಾನೆ, ನಮ್ಮವನು ತಡವರಿಸುತ್ತಾನೆ. ಹೇಳುವುದಕ್ಕೂ ತಿಳಿಯುವುದಕ್ಕೂ ಎಷ್ಟು ಅಂತರವಿದೆ ಎಂಬುದು ಪಾಠ ಮಾಡುವವರಿಗೆ ಗೊತ್ತು.

ಬಾಲಭಾರತಿಯವರು ಹತ್ತನೆಯ ತನಕ ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿಕೊಡುತ್ತಾರೆ. ಆಮೇಲೆ ನಮ್ಮ ಹೆಚ್ಚಿನ ಮಕ್ಕಳು ಮರಾಠಿಗೆ ದಾಟುತ್ತಾರೆ. ದಾಟುವ ಕಡೆ ಒಂದು ಸಂಕ ಬೇಕು, ಅದಿಲ್ಲ. ತೊಂದರೆ ಇರುವುದು ಅಲ್ಲಿ. ಒಂದೇ ಒಂದು ಮಾತು ತೆಗೆದುಕೊಳ್ಳಿ. ಜನ ತಮ್ಮ ಆಸ್ತಿಯಲ್ಲಿ ಸ್ವಲ್ಪವನ್ನು ಹೊಲ, ಬಂಗಾರ, ಠೇವಣಿ ಮಾಡದೆ ನಗದಾಗಿ ಕೈಯಲ್ಲಿಟ್ಟುಕೊಳ್ಳಲು ಬಯಸುತ್ತಾರೆ. ಬಡ್ಡಿ ಹೆಚ್ಚಾದರೆ ಈ ಆಸೆ ಕಡಿಮೆ. ಇದಕ್ಕೆ ಬೆಂಗಳೂರು ಕಡೆಯ ಪುಸ್ತಕಗಳು ಇಟ್ಟ ಹೆಸರು 'ದ್ರವ್ಯತಾ ಆದ್ಯತೆ'. ಓದಿದ ಹುಡುಗನಿಗೆ ನೀರು ನೆನಪಾಗಬೇಕೋ ನಿಧಿ ನೆನಪಾಗಬೇಕೋ ದೇವರೇ ಬಲ್ಲ! ಮರಾಠಿಯಲ್ಲಿ ಇದು 'ರೋಖತಾ ಪಸಂತಿ'. ನಮ್ಮ ಮನೆಮಾತಿನ ರೊಕ್ಕವೂ ಅವರ ರೋಖವೂ ಒಂದೇ ಬಳ್ಳಿಯವು. 'ರೊಕ್ಕ ಕೈಯಾಗ ಇಟ್ಕೊಳ್ಳೋ ಆಸೆ' ಎಂದು ಒಬ್ಬರು ಒಂದು ಸಲ ಹೇಳಿಬಿಟ್ಟರೆ ಅಕ್ಕಲಕೋಟದ ಹುಡುಗನಿಗೆ ಕೇನ್ಸ್ ಅರ್ಧ ತಿಳಿದಂತೆ. ಅದನ್ನು ಹೇಳುವವರು ಯಾರು? ಕಾಲೇಜಿನಲ್ಲಿ ಗೈಡ್ ಇದೆ, ಗೈಡಿನಲ್ಲಿ 'ಐಎಂಪಿ' ಪ್ರಶ್ನೆಗಳಿವೆ, ಅಷ್ಟೇ.

ಇನ್ನು ಗುಣಕದ ವಿಷಯ. ಇದಕ್ಕೆ ಸೋಲಾಪುರ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಕೇಂಬ್ರಿಡ್ಜ್‌ನಲ್ಲೂ ಸಿಗಲಿಕ್ಕಿಲ್ಲ. 1972ರ ಬರದಲ್ಲಿ ನಮ್ಮ ಅಜ್ಜ ಅಜ್ಜಿಯರು ಖಡಿ ಒಡೆದರು, ಮಣ್ಣು ಹೊತ್ತರು. ಆ ವರ್ಷವೇ ಮಹಾರಾಷ್ಟ್ರ ಸರಕಾರ ರೋಜಗಾರ ಹಮಿ ಯೋಜನೆ ಆರಂಭಿಸಿತು. 1977ರಲ್ಲಿ ಅದಕ್ಕೆ ಕಾನೂನು ಬಂತು. ದೇಶಕ್ಕೆಲ್ಲ ಅಂಥದೊಂದು ಕಾನೂನು ಆಗಲು 2005 ಬರಬೇಕಾಯಿತು. ಕೂಲಿಯವನ ಕೈಗೆ 100 ರೂಪಾಯಿ ಬಂತು ಎಂದುಕೊಳ್ಳಿ. ಪ್ರತಿಯೊಬ್ಬನೂ ಬಂದದ್ದರಲ್ಲಿ ನೂರಕ್ಕೆ 80 ಖರ್ಚು ಮಾಡುತ್ತಾನೆ ಎಂದರೆ ಅಂಗಡಿಯವನಿಗೆ 80, ಅವನಿಗೆ ಮಾಲು ಕೊಟ್ಟವನಿಗೆ 64, ಹೀಗೆ ಕೂಡುತ್ತ ಹೋದರೆ ಒಟ್ಟು 500. ಇದೇ ಗುಣಕ. ಆದರೆ ಎಣ್ಣೆ ಡಬ್ಬಿ, ಬಟ್ಟೆ, ಔಷಧ ಎಲ್ಲ ಹೊರಗಿಂದ ಬರುವುದರಿಂದ ಆ 500 ನಮ್ಮ ಊರಲ್ಲೇ ಉಳಿಯುವುದಿಲ್ಲ, ಬಹಳಷ್ಟು ಸೋರಿಹೋಗುತ್ತದೆ.

ಇದರಲ್ಲೇ ಇನ್ನೊಂದು ಸ್ವಾರಸ್ಯವಿದೆ. ಈ ಯೋಜನೆಯ ಖರ್ಚಿಗೆಂದೇ 1975ರಲ್ಲಿ ವೃತ್ತಿ ತೆರಿಗೆ ಹಾಕಿದರು. ನಮ್ಮ ಪಗಾರದ ಚೀಟಿಯಲ್ಲಿ ತಿಂಗಳಿಗೆ 200, ಫೆಬ್ರುವರಿಯಲ್ಲಿ 300 ಕಡಿತವಾಗುತ್ತದಲ್ಲ, ಅದೇ. ಪಗಾರದವನಿಂದ 100 ತೆಗೆದರೆ ಅವನ ಖರ್ಚು 60 ಕಡಿಮೆಯಾಯಿತು ಎನ್ನಿ, ಉಳಿದ 40 ಅವನು ಉಳಿತಾಯಕ್ಕೆ ಹಾಕುತ್ತಿದ್ದ ದುಡ್ಡು. ಅದೇ 100 ಕೂಲಿಯವನಿಗೆ ಹೋದರೆ ಅವನು 90 ಖರ್ಚು ಮಾಡುತ್ತಾನೆ. ಬಜಾರಿನಲ್ಲಿ 30 ರೂಪಾಯಿ ಬೇಡಿಕೆ ಹೆಚ್ಚಾಯಿತು, ಜೊತೆಗೆ ಊರಿಗೊಂದು ಪಾಝರ ತಲಾವ ಆಯಿತು. ಮಾಸ್ತರರ ಪಗಾರದ ಚೀಟಿಯನ್ನು ಬೋರ್ಡಿನ ಮೇಲೆ ಬರೆದು ಸೀಮಾಂತ ಪ್ರವೃತ್ತಿ ಕಲಿಸಬಹುದು. ಯಾವ ಭಾಷೆಯಲ್ಲಾದರೂ ಕಲಿಸಬಹುದು.

ಅಲ್ಲಿಗೇ ನಿಲ್ಲಬಾರದು. ಹಾಗೆ ರೊಕ್ಕ ಹಂಚುತ್ತ ಹೋದರೆ ಸಾಕೇ ಎಂದು ಜಾಣ ಹುಡುಗ ಕೇಳಿಯೇ ಕೇಳುತ್ತಾನೆ. ಸಾಲದು ಎಂದು 1952ರಲ್ಲೇ ಬರೆದವರು ವಿ.ಕೆ.ಆರ್.ವಿ. ರಾವ್. ಕೇಂಬ್ರಿಡ್ಜ್‌ನಲ್ಲಿ ಓದಿ ಬಂದವರು, ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದವರು. ನಮ್ಮಂಥ ಬಡ ಒಕ್ಕಲುತನದ ದೇಶದಲ್ಲಿ ಬೇಡಿಕೆ ಹೆಚ್ಚಿದ ಕೂಡಲೇ ಹೊಲ ಹೆಚ್ಚು ಬೆಳೆ ಕೊಡುವುದಿಲ್ಲ, ಆದ್ದರಿಂದ ಗುಣಕ ವರಮಾನಕ್ಕಿಂತ ಬೆಲೆಯನ್ನೇ ಏರಿಸುತ್ತದೆ ಎಂಬುದು ಅವರ ವಾದ. ಬರಗಾಲದಲ್ಲಿ ರೇಷನ್ನಿಗೆ ಬಂದ ಕೆಂಪು ಮಿಲೊ ಜೋಳವನ್ನು ಹಿರಿಯರು ಇನ್ನೂ ಬೈದುಕೊಳ್ಳುತ್ತಾರೆ. ರುಚಿಯ ಮಾತು ಬಿಡಿ, ಕೂಲಿಯ ರೊಕ್ಕದ ಜೊತೆ ಹೊರಗಿನ ಕಾಳು ಬಾರದೇ ಹೋಗಿದ್ದರೆ ಆ ರೊಕ್ಕಕ್ಕೆ ಬೆಲೆ ಎಲ್ಲಿರುತ್ತಿತ್ತು? ರಾವ್ ಅವರ ವಾದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಇದು ಅಜ್ಜಿಗೆ ಕನ್ನಡದಲ್ಲಿ ಗೊತ್ತಿದೆ, ಮೊಮ್ಮಗನಿಗೆ ಯಾವ ಭಾಷೆಯಲ್ಲೂ ಗೊತ್ತಿಲ್ಲ!

ಐಎಸ್-ಎಲ್‌ಎಂ ಕೂಡ ಹೀಗೆಯೇ. ಬಡ್ಡಿ ಇಳಿದರೆ ಸಾಲ ಮಾಡಿ ಮಗ್ಗ ಹಾಕುವವರು, ಬಾವಿ ತೋಡುವವರು ಹೆಚ್ಚುತ್ತಾರೆ, ವರಮಾನ ಏರುತ್ತದೆ. ಇದು ಒಂದು ಗೆರೆ. ವರಮಾನ ಏರಿದರೆ ವ್ಯವಹಾರಕ್ಕೆ ಹೆಚ್ಚು ರೊಕ್ಕ ಬೇಕು, ಚಲಾವಣೆಯ ರೊಕ್ಕ ಅಷ್ಟೇ ಇದ್ದರೆ ಬಡ್ಡಿ ಏರುತ್ತದೆ. ಇದು ಇನ್ನೊಂದು ಗೆರೆ. ಎರಡೂ ಕೂಡುವ ಕಡೆ ದೇಶ ನಿಂತಿರುತ್ತದೆ. ರಿಸರ್ವ್ ಬ್ಯಾಂಕು 2020ರ ಮೇ ತಿಂಗಳಲ್ಲಿ ರೆಪೊ ದರವನ್ನು ಶೇ. 4ಕ್ಕೆ ಇಳಿಸಿತು, 2023ರ ಫೆಬ್ರುವರಿ ಹೊತ್ತಿಗೆ ಶೇ. 6.5ಕ್ಕೆ ಏರಿಸಿತ್ತು. ಮನೆ ಸಾಲ ಮಾಡಿದ ಮಾಸ್ತರರನ್ನು ಕೇಳಿ, ಕಂತಿನ ಲೆಕ್ಕದ ಜೊತೆ ಕಾರಣವನ್ನೂ ಹೇಳುತ್ತಾರೆ.

ಹೀಗಾಗಿ ಕನ್ನಡ ಶಾಲೆ ಮುಚ್ಚಿದರೆ ಈ ಪೇಪರು ಸುಲಭವಾಗುವುದಿಲ್ಲ. ಹೊಸ ಹೊಸ ಪಾರಿಭಾಷಿಕ ಪದ ಟಂಕಿಸಿ ಸಂತೋಷಪಡುವ ಬೆಂಗಳೂರಿನವರಿಗೂ, ವರ್ಷಕ್ಕೊಂದು ಸಮ್ಮೇಳನ ಮಾಡಿ ಶಾಲು ಹೊದಿಸುವ ನಮ್ಮ ಗಡಿನಾಡಿನ ಮುಖಂಡರಿಗೂ ನಾವು ಕೇಳುವುದು ದೊಡ್ಡದೇನಲ್ಲ. ಐವತ್ತು ಅರವತ್ತು ಮಾತುಗಳನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಕೊಟ್ಟು, ಪ್ರತಿಯೊಂದಕ್ಕೂ ನಮ್ಮ ಸೀಮೆಯ ಒಂದು ಉದಾಹರಣೆ ಹಾಕಿದ ತೆಳ್ಳನೆಯ ಪುಸ್ತಕ. ಒಂದು ಸಮ್ಮೇಳನದ ಪೆಂಡಾಲಿನ ಖರ್ಚಿನಲ್ಲಿ ಆಗುವ ಕೆಲಸ. ಬರೆಯಲು ನಮ್ಮ ಶಾಲೆಗಳಲ್ಲೇ ಕಲಿತು ಎಂ.ಎ. ಮಾಡಿದವರಿದ್ದಾರೆ, ಕರೆದರೆ ಬರುತ್ತಾರೆ.

ಪಾಲಕರೇ, ನೀವೂ ಒಂದು ಕೆಲಸ ಮಾಡಿ. ಒಂದನೇ ಇಯತ್ತೆಯಿಂದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಿ ಈ ಪೇಪರಿನಲ್ಲಿ ಪಾಸಾದ ಹುಡುಗನನ್ನು ಕರೆದು, ಮುಂಬಯಿಯಲ್ಲಿ ಬಡ್ಡಿ ಏರಿಸಿದರೆ ಸೋಲಾಪುರದಲ್ಲಿ ಚಾದರ ನೇಯುವವನ ಕೆಲಸ ಏಕೆ ಕಡಿಮೆಯಾಗಬಹುದು ಎಂದು ಕೇಳಿ. ಗೈಡ್ ತೆಗೆಯದೆ ಹೇಳಿದನೆಂದರೆ ಅವನನ್ನು ನಮ್ಮ ಶಾಲೆಗೆ ಕಳಿಸಿ. ಬೋರ್ಡು, ಖಡು ನಾವು ಕೊಡುತ್ತೇವೆ.