ಭಯಕ್ಕೂ ಒಂದು ಜೊತೆ ಬೇಕು

2008ರಲ್ಲಿ ರಾಮ್ ಗೋಪಾಲ್ ವರ್ಮ ನಿರ್ದೇಶನದ ‘ಫೂಂಕ್’ ಎಂಬ ಹಿಂದಿ ಚಿತ್ರ ತೆರೆಕಂಡಿತು. ಮಾಟಕ್ಕೆ ಸಿಲುಕಿದ ಬಾಲಕಿಯ ತಂದೆಯಾಗಿ ನಮ್ಮ ಕನ್ನಡದ ನಟ ಸುದೀಪ್ ಅದರಲ್ಲಿ ಅಭಿನಯಿಸಿದ್ದರು. ಚಿತ್ರಮಂದಿರದಲ್ಲಿ ಒಬ್ಬರೇ ಕುಳಿತು ಅದನ್ನು ಹೆದರದೆ ನೋಡಿದವರಿಗೆ 5 ಲಕ್ಷ ರೂಪಾಯಿ ನೀಡುವುದಾಗಿ ನಿರ್ದೇಶಕರು ಸವಾಲೆಸೆದರು. ಅದು ಪ್ರಚಾರದ ತಂತ್ರವೇ ಸರಿ. ಆದರೂ ಅದರಲ್ಲೊಂದು ಸತ್ಯವಿತ್ತು. ಪಂಥದ ಭಾರವೆಲ್ಲ ಚಿತ್ರಕ್ಕಿಂತ ಹೆಚ್ಚಾಗಿ ‘ಒಬ್ಬರೇ’ ಎಂಬ ಪದದ ಮೇಲಿತ್ತು.

ಜನರ ನಡುವೆ ಕುಳಿತಾಗ ಒಬ್ಬರು ಚೀರಿದರೆ ಮತ್ತೊಬ್ಬರು ನಗುತ್ತಾರೆ. ಆ ನಗುವಿನಲ್ಲಿ ಭಯ ಹಂಚಿಹೋಗುತ್ತದೆ. ಒಂಟಿಯಾಗಿ ನೋಡುವವನಿಗೆ ಆ ಬಿಡುಗಡೆಯಿಲ್ಲ. ಚಿತ್ರ ಮುಗಿದ ಮೇಲೂ ನಲ್ಲಿಯಿಂದ ತೊಟ್ಟಿಕ್ಕುವ ನೀರು, ಅಂಗಳದಲ್ಲಿ ಬಿದ್ದ ತೆಂಗಿನ ಗರಿ, ಎಲ್ಲವೂ ಅವನನ್ನು ಬೆಚ್ಚಿಬೀಳಿಸುತ್ತವೆ. ಕಂಡದ್ದು ಕಟ್ಟುಕತೆಯೆಂದು ಬುದ್ಧಿ ಬಲ್ಲದು. ಎದೆಬಡಿತ ಅದನ್ನು ಒಪ್ಪುವುದಿಲ್ಲ.

ಅಂದು ಸವಾಲಾಗಿದ್ದುದು ಇಂದು ದಿನನಿತ್ಯದ ಮಾತಾಗಿದೆ. ಮೊಬೈಲ್ ಫೋನು ಹೊದಿಕೆಯೊಳಗನ್ನೇ ಚಿತ್ರಮಂದಿರವಾಗಿಸಿದೆ. ಮಧ್ಯರಾತ್ರಿ ನಮ್ಮ ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಏನು ನೋಡುತ್ತಾರೆಂಬುದು ಪಕ್ಕದ ಕೋಣೆಯಲ್ಲಿರುವ ತಂದೆತಾಯಿಗಳಿಗೆ ತಿಳಿಯದು. ಮರುದಿನ ದೀಪವಾರಿಸಲು ಒಲ್ಲದ ಮಗುವನ್ನು ನಾವು ‘ಪುಕ್ಕಲ’ ಎಂದು ಹಾಸ್ಯ ಮಾಡಿದರೆ, ಅದು ಭಯವನ್ನು ಬಿಡುವುದಿಲ್ಲ, ಬಚ್ಚಿಡಲು ಕಲಿಯುತ್ತದೆ. ಪಕ್ಕದಲ್ಲಿ ಕುಳಿತು, ‘ಏನು ಕಂಡೆ ಮಗೂ?’ ಎಂದು ಕೇಳುವುದು ಲೇಸು. ಹೇಳಿಕೊಂಡ ಭಯ ಅರ್ಧ ಇಳಿದ ಭಯ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕದ ಬಗ್ಗೆ ಬರೆಯುವಾಗ ಭಯವನ್ನು ಒಂಟಿಯಾಗಿ ಬಿಡಲಿಲ್ಲ. ಅದರ ಜೊತೆಗೆ ಕರುಣೆಯನ್ನು ಇರಿಸಿದ. ಈ ಜೋಡಣೆ ಭಯದ ಚಿತ್ರ ನೋಡುವ ನಮಗೂ ಪಾಠವಾಗಬಲ್ಲದು. ಎರಡು ಗಂಟೆಯ ಒಂಟಿತನವೇ ನಮ್ಮನ್ನು ಇಷ್ಟು ನಡುಗಿಸುವುದಾದರೆ, ಮಕ್ಕಳೆಲ್ಲ ಗಲ್ಫ್‌ಗೋ ಬೆಂಗಳೂರಿಗೋ ಹೋದ ಮೇಲೆ ದೊಡ್ಡ ಮನೆಯಲ್ಲಿ ಒಬ್ಬರೇ ಮಲಗುವ ಹಿರಿಯರ ಪಾಡೇನು? ಬಾಗಿಲು ಅಲುಗಿದರೆ ಅವರೂ ಬೆಚ್ಚುತ್ತಾರೆ. ನಮ್ಮ ಭಯವನ್ನು ಒಂದು ಗುಂಡಿ ಒತ್ತಿ ನಿಲ್ಲಿಸಬಹುದು. ಅವರ ಭಯಕ್ಕೆ ಅಂತಹ ಗುಂಡಿಯಿಲ್ಲ.

ಭಯದ ಚಿತ್ರ ನೋಡುವುದು ತಪ್ಪೆಂದು ನಾನು ಹೇಳಲಾರೆ. ನೋಡಿದ ರಾತ್ರಿ ನಿದ್ದೆ ಬಾರದಿದ್ದರೆ, ಅದೇ ಹೊತ್ತಿನಲ್ಲಿ ಎಚ್ಚರವಾಗಿರುವ ಆ ಹಿರಿಯರನ್ನು ನೆನೆಯೋಣ. ಬೆಳಗಾದ ಮೇಲೆ ಅವರ ಬಾಗಿಲು ತಟ್ಟೋಣ.