ಜಪಮಾಲೆಯ ಉಳಿದ ಮಣಿಗಳು

ಹೊಳಲಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಂದು ಕ್ರೈಸ್ತ ಕುಟುಂಬ ಬಾಡಿಗೆಗಿತ್ತು. ತಾಯಿ ಮಂಡ್ಯದ ಆಸ್ಪತ್ರೆಯೊಂದರಲ್ಲಿ ನರ್ಸ್, ತಂದೆ ಲಾರಿ ಚಾಲಕ. ಇಬ್ಬರು ಮಕ್ಕಳು, ಜತೆಗೆ ತಾಯಿಯ ತಾಯಿ. ಹಿರಿಯ ಮಗಳು ಹತ್ತನೇ ತರಗತಿ. ನಿವೃತ್ತ ಮೇಷ್ಟ್ರಾದ ನನ್ನ ಬಳಿ ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದಳು.

ಗಡಿಯಾರದ ಮುಳ್ಳು ಏಳೂಕಾಲು ಮುಟ್ಟಿತೋ, ಲೆಕ್ಕ ಅರ್ಧದಲ್ಲಿದ್ದರೂ ಪುಸ್ತಕ ಮುಚ್ಚುತ್ತಿದ್ದಳು. “ಅಜ್ಜಿ ಕಾಯ್ತಿರ್ತಾರೆ ಸಾರ್, ಪ್ರಾರ್ಥನೆ ಟೈಮು” ಎಂದು ಓಟ. ನನಗೋ ಸಿಟ್ಟು. ಪರೀಕ್ಷೆ ಹತ್ತಿರ ಬಂದಿದೆ, ದಿನಕ್ಕೆ ಅರ್ಧ ಗಂಟೆ ಎಂದರೆ ತಿಂಗಳಿಗೆ ಹದಿನೈದು ಗಂಟೆ! ಒಂದು ದಿನ ಅವರ ಮನೆಗೇ ಹೋಗಿ ಹೇಳಿದೆ. ಅಜ್ಜಿ ನಕ್ಕು ಕೇಳಿದರು: “ಮೇಷ್ಟ್ರೇ, ಪರೀಕ್ಷೆ ಅಂತ ಊಟ ಬಿಡಿಸ್ತೀರಾ?”

ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಅಲ್ಲಿಯೇ ಕುಳಿತು ನೋಡಿದೆ. ಟಿ.ವಿ. ಆರಿಸಿದರು, ಚಾಪೆ ಹಾಸಿದರು. ಮೇಣದ ಬತ್ತಿ ಹಚ್ಚಿ, ಹತ್ತು ಹತ್ತು ಮಣಿಗಳ ಐದು ಸುತ್ತಿನ ಜಪಮಾಲೆ ಹೇಳಿದರು. ನಡುವೆ ಅಜ್ಜಿ ಅಕ್ಕಪಕ್ಕದ ಕಾಯಿಲೆಯವರನ್ನೆಲ್ಲ ಹೆಸರು ಹಿಡಿದು ನೆನೆದರು. ಅದರಲ್ಲಿ ನನ್ನ ಮಂಡಿನೋವೂ ಸೇರಿತ್ತು! ನಾನು ಕ್ರೈಸ್ತನಲ್ಲ. ಆದರೂ ಹೇಳುತ್ತೇನೆ, ನನ್ನ ಮಂಡಿಯನ್ನು ಹಾಗೆ ನೆನೆದವರು ಬೇರೆ ಯಾರೂ ಇಲ್ಲ.

2020ರ ಮಾರ್ಚ್ ಬಂತು. ಮಾರ್ಚ್ 27ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾಗಬೇಕಿತ್ತು. ಅಷ್ಟರಲ್ಲಿ ಕೊರೊನಾ ಲಾಕ್‌ಡೌನ್, ಪರೀಕ್ಷೆ ಮುಂದಕ್ಕೆ ಹೋಯಿತು. ಅದೇ 27ರ ಸಂಜೆ ರೋಮ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು ಮಳೆಯಲ್ಲಿ, ಜನರೇ ಇಲ್ಲದ ಸಂತ ಪೇತ್ರರ ಚೌಕದಲ್ಲಿ ನಿಂತು ಜಗತ್ತಿಗಾಗಿ ಪ್ರಾರ್ಥಿಸಿದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ಲಕ್ಷಾಂತರ ಮಂದಿ ಸೇರುವ ಜಾಗ ಅದು! ಇಲ್ಲಿಯೂ ದೇವಸ್ಥಾನ, ಮಸೀದಿ, ಚರ್ಚುಗಳ ಬಾಗಿಲು ಮುಚ್ಚಿದವು. ಏಪ್ರಿಲ್ 12ರ ಈಸ್ಟರ್ ಹಬ್ಬವನ್ನೂ ಆ ಕುಟುಂಬ ಮನೆಯೊಳಗೇ ಮಾಡಿತು. ತಾಯಿಗೆ ಆಸ್ಪತ್ರೆಯಲ್ಲೇ ವಾರಗಟ್ಟಲೆ ಕೆಲಸ, ಮನೆಗೆ ಬರುವಂತಿಲ್ಲ.

ಆ ದಿನಗಳಲ್ಲಿ ಅಂತರ ಕಾಯ್ದು ಜಗಲಿಯಲ್ಲಿ ಕುಳಿತು ಅಜ್ಜಿಯನ್ನು ಕೇಳಿದೆ: “ಚರ್ಚೇ ಮುಚ್ಚಿತಲ್ಲ, ಬೇಸರವಾಗಲಿಲ್ಲವೇ?”

“ನಮ್ಮ ಚರ್ಚು ಮುಳುಗಿ ಹೋದದ್ದನ್ನೇ ನೋಡಿದೋಳು ನಾನು” ಎಂದರು ಅಜ್ಜಿ.

ಅಜ್ಜಿಯ ಊರು ಹಾಸನದ ಹತ್ತಿರದ ಶೆಟ್ಟಿಹಳ್ಳಿ. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೊಡ್ಡ ಚರ್ಚಿತ್ತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಆ ಜಾಗವೆಲ್ಲ ಹಿನ್ನೀರಿಗೆ ಸೇರಿತು. ಜನ ಮನೆ, ಹೊಲ ಬಿಟ್ಟು ಬೇರೆ ಕಡೆ ನೆಲೆಸಿದರು. ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕಾಣುತ್ತದೆ. ಈಗ ಅದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ತಾಣ. ಅಜ್ಜಿಗೆ ಮಾತ್ರ ಅದು ತಾನು ಮದುವೆಯಾದ ಜಾಗ. “ಕಲ್ಲು ಗಾರೆ ನೀರಿಗೆ ಬಿಟ್ವಿ, ಜಪಮಾಲೆ ಸೆರಗಲ್ಲಿ ಕಟ್ಕೊಂಡು ಬಂದ್ವಿ” ಎಂದರು.

ಆ ಹೇಮಾವತಿಯೇ ಕಾವೇರಿಯನ್ನು ಸೇರಿ, ಕನ್ನಂಬಾಡಿಯಲ್ಲಿ ನಿಂತು, ವಿಶ್ವೇಶ್ವರಯ್ಯ ನಾಲೆಯಲ್ಲಿ ನಮ್ಮ ಮಂಡ್ಯ ಸೀಮೆಯ ಗದ್ದೆಗಳಿಗೆ ಹರಿಯುವುದು. ಒಬ್ಬರ ಊರು ಮುಳುಗಿಸಿದ ನೀರು ಇನ್ನೊಬ್ಬರಿಗೆ ಅನ್ನ. ಅಜ್ಜಿಗೆ ಇದು ಗೊತ್ತಿತ್ತು. ಗೊಣಗಿದ್ದನ್ನು ನಾನು ಕೇಳಲಿಲ್ಲ.

ಹಾಸನದ ಆ ಸೀಮೆಯಲ್ಲಿ ಕ್ರೈಸ್ತ ರೈತರ ನೆಲೆಗಳನ್ನು ಕಟ್ಟಿದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರ ಆರೈಕೆಗೆಂದು ನಮ್ಮ ಸೀಮೆಗೆ ಬಂದರು. ನಮ್ಮವರಂತೆಯೇ ಉಡುಗೆ ತೊಟ್ಟು, ಮಾಂಸ ಬಿಟ್ಟು, 1823ರವರೆಗೆ ಭಾರತದಲ್ಲಿದ್ದರು. ಶ್ರೀರಂಗಪಟ್ಟಣದಲ್ಲಿ ಅವರ ಹೆಸರಿನ ಚರ್ಚು ಈಗಲೂ ಇದೆ. ಆಗ ಸಿಡುಬು ಎಂದರೆ ಮನೆ ಮನೆಯ ಶಾಪ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮರುವರ್ಷವೇ ಈ ಪಾದ್ರಿ ಅದನ್ನು ಹಳ್ಳಿಗಳಿಗೆ ಒಯ್ದು, ಹೆದರುತ್ತಿದ್ದ ಜನರನ್ನು ಒಪ್ಪಿಸಿ, 25,000ಕ್ಕೂ ಹೆಚ್ಚು ಮಂದಿಗೆ ಹಾಕಿಸಿದರು. ಪಾದ್ರಿಯಾದವರು ಪ್ರಾರ್ಥನೆ ಮಾಡಿ ಸುಮ್ಮನೆ ಕೂರಬಹುದಿತ್ತಲ್ಲವೇ? ಕೂರಲಿಲ್ಲ. ನಮ್ಮ ಬೀದಿಯ ನರ್ಸಮ್ಮನೂ ಕೂರಲಿಲ್ಲ. ಶಿಲುಬೆಯ ಗುರುತು ಮಾಡಿಕೊಂಡು, ರಕ್ಷಾ ಉಡುಪು ತೊಟ್ಟು ವಾರ್ಡಿಗೆ ನಡೆದರು. ಪ್ರಾರ್ಥನೆ ಕೈಗೆ ಬಿಡುವು ಕೊಡುವುದಿಲ್ಲ, ಕೆಲಸ ಹಚ್ಚುತ್ತದೆ.

ಜೂನ್ 25ರಿಂದ ಪರೀಕ್ಷೆ ನಡೆಯಿತು. ಹುಡುಗಿ ಚೆನ್ನಾಗಿಯೇ ಪಾಸಾದಳು. ಕಥೆ ಇಲ್ಲಿಗೆ ನಿಂತಿದ್ದರೆ ‘ಪ್ರಾರ್ಥಿಸಿದಳು, ಪಾಸಾದಳು’ ಎಂದು ಬರೆದು ಮುಗಿಸುತ್ತಿದ್ದೆ.

ನಿಲ್ಲಲಿಲ್ಲ. 2021ರ ಮೇ ತಿಂಗಳ ಎರಡನೇ ಅಲೆಯಲ್ಲಿ ಅಜ್ಜಿಗೇ ಕೊರೊನಾ ತಗುಲಿತು. ಹನ್ನೊಂದು ದಿನ ಮಕ್ಕಳಿಬ್ಬರೂ ಬೆಳಿಗ್ಗೆ ಸಂಜೆ ಮಂಡಿಯೂರಿ ಬೇಡಿದರು. ಅಜ್ಜಿ ಉಳಿಯಲಿಲ್ಲ. ಮುಖ ನೋಡಲೂ ಸರಿಯಾಗಿ ಆಗಲಿಲ್ಲ. ಕೆಲವು ದಿನಗಳ ನಂತರ ಹುಡುಗಿ ನಮ್ಮ ಜಗಲಿಗೆ ಬಂದು ಕುಳಿತಳು.

“ಸಾರ್, ಲೆಕ್ಕದಲ್ಲಿ ಸರಿಯಾದ ದಾರೀಲಿ ಹೋದ್ರೆ ಉತ್ತರ ಬರತ್ತೆ. ನಾವು ಎಲ್ಲಿ ತಪ್ಪಿದ್ವಿ?”

ನಲವತ್ತು ವರ್ಷ ಪಾಠ ಹೇಳಿದ ನನಗೆ ಬಾಯಿ ಕಟ್ಟಿತು. ಎಂದೋ ಓದಿದ್ದ ಬೈಬಲಿನ ಒಂದು ಪ್ರಸಂಗ ಮಾತ್ರ ನೆನಪಾಯಿತು, ಅದನ್ನೇ ಹೇಳಿದೆ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸುಸ್ವಾಮಿ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸಿದರು. ಈ ಸಂಕಟ ತನ್ನಿಂದ ತಪ್ಪಲಿ ಎಂದು ಬೇಡಿದರು. ಆದರೂ ತನ್ನ ಇಷ್ಟವಲ್ಲ, ತಂದೆಯ ಇಷ್ಟವೇ ನಡೆಯಲಿ ಎಂದರು. ಸಂಕಟ ತಪ್ಪಲಿಲ್ಲ. “ಅಲ್ಲಿ ಯಾರು ತಪ್ಪಿದರಮ್ಮ?” ಎಂದು ಕೇಳಿದೆ. ಅವಳು ಏನೂ ಹೇಳದೆ ಎದ್ದು ಹೋದಳು. ನನ್ನ ಮಾತು ಅವಳಿಗೆ ಸಮಾಧಾನ ಕೊಟ್ಟಿತೆಂದು ನಾನು ಹೇಳಲಾರೆ.

ಅವಳು ಪ್ರಾರ್ಥನೆಗೆ ಕೂರುವುದನ್ನು ಬಿಟ್ಟಳು. ತಾಯಿ ಗದರಲಿಲ್ಲ, ಬಲವಂತ ಮಾಡಲಿಲ್ಲ. ಚಾಪೆಯಲ್ಲಿ ಅವಳ ಜಾಗವನ್ನು ಹಾಗೇ ಬಿಟ್ಟು ಕೂರುತ್ತಿದ್ದರು, ಅಷ್ಟೆ. ಮೂರು ನಾಲ್ಕು ತಿಂಗಳು ಹೀಗೇ ಕಳೆಯಿತು.

ಮುಂದಿನದನ್ನು ಅವಳೇ ನನಗೆ ಹೇಳಿದ್ದು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದ ತಾಯಿ ಜಪಮಾಲೆ ಹೇಳುತ್ತ, ಮೂರನೇ ಸುತ್ತಿನಲ್ಲಿ ಗೋಡೆಗೆ ಒರಗಿ ನಿದ್ದೆ ಹೋದರು. ಸ್ವರ ನಿಂತಿತು. ತಮ್ಮ ಅಕ್ಕನ ಮುಖ ನೋಡಿದ. ಮೂಲೆಯಲ್ಲಿ ಓದುತ್ತಿದ್ದ ಹುಡುಗಿ ಎದ್ದು ಬಂದು, ತಾಯಿಯ ಹೆಬ್ಬೆರಳು ನಿಂತಿದ್ದ ಮಣಿ ಯಾವುದೆಂದು ನೋಡಿ, ಮಾಲೆಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಉಳಿದ ಮಣಿಗಳನ್ನು ತಮ್ಮನ ಜೊತೆ ಹೇಳಿ ಮುಗಿಸಿದಳು.

“ಏನು ಬೇಡಿಕೊಂಡೆ?” ಎಂದೆ.

“ಏನೂ ಇಲ್ಲ ಸಾರ್. ಅಜ್ಜಿ ಶುರು ಮಾಡಿದ್ದು, ಅಮ್ಮನ ಹತ್ತಿರ ಅರ್ಧಕ್ಕೆ ನಿಲ್ಲಬಾರದು ಅನ್ನಿಸ್ತು.”

ಪ್ರಿಯ ವಿದ್ಯಾರ್ಥಿಗಳೇ, ಪರೀಕ್ಷೆಯ ಹಿಂದಿನ ದಿನ ದೇವರ ಮುಂದೆ ನಿಂತು ಇಷ್ಟು ಅಂಕ ಕೊಟ್ಟರೆ ಇಷ್ಟು ಹರಕೆ ಎನ್ನುವುದು ಪ್ರಾರ್ಥನೆಯಲ್ಲ, ವ್ಯಾಪಾರ. ಕಷ್ಟ ಬಂದ ದಿನ ಬಾವಿ ತೋಡಲು ಹೊರಟರೆ ನೀರು ಸಿಕ್ಕುವುದಿಲ್ಲ. ಏನೂ ಬೇಡಬೇಕಿಲ್ಲದ ಸಾಮಾನ್ಯ ಸಂಜೆಗಳಲ್ಲಿ ಕುಳಿತದ್ದೇ ಕಷ್ಟದ ದಿನ ಕೈ ಹಿಡಿಯುವುದು. ಅದು ನೀವು ಬೇಡಿದ್ದನ್ನು ಕೊಡದೇ ಇರಬಹುದು. ನಿಮ್ಮನ್ನು ಒಂಟಿಯಾಗಿ ಮಾತ್ರ ಬಿಡದು.

ತಂದೆ ತಾಯಿಯರಲ್ಲಿ ಒಂದು ಮಾತು. ನಿಮ್ಮ ಧರ್ಮ ಯಾವುದೇ ಇರಲಿ, ದಿನಕ್ಕೆ ಹದಿನೈದು ನಿಮಿಷ ಟಿ.ವಿ., ಮೊಬೈಲ್ ಆರಿಸಿ ಮಕ್ಕಳೊಡನೆ ಕೂರಿ. ‘ದೇವರು ನೋಡ್ತಾನೆ, ಫೇಲ್ ಮಾಡಿಸ್ತಾನೆ’ ಎಂದು ಹೆದರಿಸಬೇಡಿ. ಮಗು ಮುನಿಸಿಕೊಂಡು ಎದ್ದು ಹೋದರೆ ಹೋಗಲಿ, ಚಾಪೆಯಲ್ಲಿ ಜಾಗ ಇಟ್ಟಿರಿ.

ಆ ಕುಟುಂಬ ಈಗ ಹೊಳಲಿನಲ್ಲಿಲ್ಲ, ತಾಯಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಆದರೂ ಸಂಜೆ ಏಳೂಕಾಲಾದರೆ ನನ್ನ ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ಲೆಕ್ಕ ಹೇಳಿಸಿಕೊಳ್ಳುವ ಮಕ್ಕಳಿಗೆ ನಾನೇ ಹೇಳುತ್ತೇನೆ: “ಸಾಕು, ಮನೆಗೆ ಹೋಗಿ. ಕಾಯ್ತಿರ್ತಾರೆ.”